ಹಳೇ ಪ್ರೆಸ್ಸು, ಮಿಲ್ಲು, ಶೆಡ್ಡು ನಿಮ್ಮ ಹೆಸರಿಗೆ ಬಂದಿದ್ಯಾ? ಕೆಡವೋಕೆ ಮುಂಚೆ ಇಷ್ಟು ಮಾಡಿ ನೋಡಿ

ಬೆಂಗಳೂರಲ್ಲಿ ಹಳೇ ಶೆಡ್ಡು ಯಾರದಾದ್ರೂ ಹೆಸರಿಗೆ ಬಂದ್ರೆ ತಿಥಿ ಊಟ ಮುಗಿದು ಹದಿನೈದು ದಿನ ಆಗಿರಲ್ಲ, ಬಿಲ್ಡರ್ ಫೋನ್ ಬಂದಿರುತ್ತೆ. "ಸಾರ್, ಜೆಡಿ ಕೊಡ್ತೀರಾ, ಫಿಫ್ಟಿ ಫಿಫ್ಟಿ ಮಾಡ್ಕೊಳ್ಳಣ" ಅಂತ. ಜೆಡಿ ಅಂದ್ರೆ ಜಾಯಿಂಟ್ ಡೆವಲಪ್‌ಮೆಂಟ್, ಜಾಗ ನಮ್ದು, ಕಟ್ಟೋದು ಅವ್ರು. ನಮಗೂ ಬಂತು. ನಮ್ದು ಕಾಟನ್‌ಪೇಟೆ ಒಳಗಡೆ ಒಂದು ಗಲ್ಲಿ, ತಾತ ಕಟ್ಟಿಸಿದ ಪ್ರಿಂಟಿಂಗ್ ಪ್ರೆಸ್ ಶೆಡ್ಡು, 32 ಅಡಿಗೆ 78 ಅಡಿ, ಜೋಡಿ ಇಳಿಜಾರಿನ ಮಂಗಳೂರು ಹೆಂಚು, ಸೂರನ್ನ ಹೊತ್ಕೊಳ್ಳೋ ಕಬ್ಬಿಣದ ಟ್ರಸ್ಸು (ತ್ರಿಕೋನದ ಚೌಕಟ್ಟು), ಹಿಂದುಗಡೆ ಆಮೇಲೆ ಅಂಟಿಸಿದ ಒಂದು ಆರ್‌ಸಿಸಿ ರೂಮು. ಲಗ್ನಪತ್ರಿಕೆ, ಬಿಲ್ ಬುಕ್ಕು, ಸತ್ಯನಾರಾಯಣ ಪೂಜೆ ಪುಸ್ತಕ ಇಂಥವೆಲ್ಲ ಅಲ್ಲಿ ಅಚ್ಚಾಗ್ತಿತ್ತು. ಚಿಕ್ಕಪ್ಪ ಅಂತೂ "ಏನಿದ್ಯೋ ಅದ್ರಲ್ಲಿ, ಹೆಂಚು ಗೆದ್ದಲು ಬಿಟ್ರೆ" ಅಂದ್ಬಿಟ್ರು. ಈಗ ಅಲ್ಲಿ ಬೆಳಿಗ್ಗೆ ಬುಕ್ ಬೈಂಡಿಂಗ್ ನಡೆಯುತ್ತೆ, ಸಂಜೆ ಡ್ಯಾನ್ಸ್ ಕ್ಲಾಸು, ಮುಂದಿನ 12 ಅಡಿ ಒಬ್ರಿಗೆ ಕಾಫಿ ಅಂಗಡಿಗೆ ಬಾಡಿಗೆ. ಚಿಕ್ಕಪ್ಪ ದಿನಾ ಅಲ್ಲೇ ಕೂತು ಕಾಫಿ ಕುಡೀತಾರೆ, ದುಡ್ಡು ಕೊಡಲ್ಲ. ಇಲ್ಲಿಗೆ ತಲುಪೋಕೆ ನಾವು ಏನೇನ್ ಮಾಡಿದ್ವಿ, ಎಲ್ಲಿ ಎಡವಿದ್ವಿ, ನೀವು ಯಾವ ಆರ್ಡರ್‌ನಲ್ಲಿ ಮಾಡಿದ್ರೆ ಒಳ್ಳೇದು ಅನ್ನೋದನ್ನ ಬರೀತಿದೀನಿ. ನಾನು ಆರ್ಕಿಟೆಕ್ಟ್ ಅಲ್ಲ, ಇಂಜಿನಿಯರೂ ಅಲ್ಲ, ಓನರ್ ಅಷ್ಟೆ, ಹಾಗಾಗಿ ಓನರ್ ತಲೆನೋವುಗಳೇ ಇದ್ರಲ್ಲಿ ಜಾಸ್ತಿ.

ಒಂದ್ ವಿಷಯ ಮೊದಲೇ. ನಮ್ಮೂರಲ್ಲಿ ಫ್ಯಾಕ್ಟರಿ ಹೋದ್ರೂ ಹೆಸರು ಉಳ್ಕೊಳ್ಳುತ್ತೆ. ಬಿನ್ನಿಪೇಟೆ ಅಂತೀವಿ, 1884ರಲ್ಲಿ ಶುರುವಾದ ಮಿಲ್ಲು ಅದು, ಈಗ ಅಲ್ಲಿರೋದು ಮಾಲು ಅಪಾರ್ಟ್‌ಮೆಂಟು. ಮಲ್ಲೇಶ್ವರದ ರಾಜಾಮಿಲ್ ಜಾಗದಲ್ಲೂ ಮಾಲು. ಮಿನರ್ವ ಮಿಲ್ ಅಂದ್ರೆ ಲಾ ಓದೋರಿಗೆ 1980ರ ಸುಪ್ರೀಂ ಕೋರ್ಟ್ ಕೇಸು, ಮಿಕ್ಕೋರಿಗೆ ಬಸ್ ಸ್ಟಾಪು. ಟಿನ್ ಫ್ಯಾಕ್ಟರಿ ಹತ್ರ ದಿನಾ ಟ್ರಾಫಿಕ್‌ನಲ್ಲಿ ನಿಲ್ಲೋರಲ್ಲಿ ಎಷ್ಟು ಜನ ಆ ಫ್ಯಾಕ್ಟರಿ ನೋಡಿದಾರೆ ಹೇಳಿ. ದೊಡ್ಡ ಮಿಲ್ಲುಗಳ ಹಣೆಬರಹ ನಮ್ಮ ಕೈಲಿಲ್ಲ, ಆದ್ರೆ ಪೇಟೆ ಒಳಗೆ, ರಾಜಾಜಿನಗರ, ಯಶವಂತಪುರ, ಮಾಗಡಿ ರೋಡ್ ಕಡೆ ಇರೋ ಚಿಕ್ಕ ಚಿಕ್ಕ ಶೆಡ್ಡು, ಮಗ್ಗದ ಮನೆ, ಎಣ್ಣೆ ಮಿಲ್ಲು, ಪ್ರೆಸ್ಸು ಇವೆಲ್ಲ ಮನೆಮಂದಿ ಕೈಲೇ ಇವೆ, ಅವನ್ನ ಉಳಿಸೋದು ಬಿಡೋದು ಮನೆಮಂದಿ ಜಗಳದಲ್ಲೇ ತೀರ್ಮಾನ ಆಗೋದು.

ಸರಿ, ಮೊದಲನೇ ಕೆಲಸ. ಒಂದು ಮಳೆಗಾಲ ಏನೂ ಮಾಡ್ಬೇಡಿ. ನಿಜವಾಗ್ಲೂ. ತೀರಾ ಸೋರೋ ಕಡೆ ಟಾರ್ಪಾಲ್ ಹಾಕಿ, ಕರೆಂಟ್ ಮೇನ್ ಆಫ್ ಮಾಡಿಸಿ, ಬೀಗ ಹಾಕಿ, ಆಮೇಲೆ ಪ್ರತಿ ಜೋರು ಮಳೆ ಆದ್ಮೇಲೆ ಹೋಗಿ ನೋಡಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ, ಅದ್ರಲ್ಲೂ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹೊಡೆಯೋದೇ ಹೊಡೆತ, ಬಿಲ್ಡಿಂಗ್ ತನ್ನ ಕಾಯಿಲೆ ಎಲ್ಲಾ ಆ ಎರಡು ತಿಂಗಳಲ್ಲಿ ಬಾಯ್ಬಿಡುತ್ತೆ. ನಾನು ಒಂದು ಸೀಮೆಸುಣ್ಣ ಇಟ್ಕೊಂಡು ಗೋಡೆ ಮೇಲೆ ಒದ್ದೆ ಎಲ್ಲೀವರೆಗೆ ಏರಿದೆ ಅಂತ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೀತಿದ್ದೆ. ನವೆಂಬರ್‌ಗೆ ನೋಡಿದ್ರೆ ಮಜಾ ಗೊತ್ತಾಯ್ತು, ಪೂರ್ವದ ಗೋಡೇಲಿ ಒದ್ದೆ ಮೇಲಿಂದ ಬರ್ತಾನೇ ಇಲ್ಲ, ಕೆಳಗಿಂದ ಏರ್ತಿದೆ. ಯಾಕೆ ಅಂದ್ರೆ ತಾತನ ಕಾಲದಲ್ಲಿ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗ್ಬೇಕಿತ್ತು, ಈಗ ಒಂದು ಮೆಟ್ಟಿಲು ಇಳೀಬೇಕು. ಡಾಂಬರ್ ಮೇಲೆ ಡಾಂಬರ್ ಹಾಕಿ ಹಾಕಿ ರಸ್ತೆ ಮೇಲೆ ಬಂದಿದೆ, ಪಾಯ ಒಳಗೆ ಹೋಗಿದೆ. ಪೇಟೆ ಏರಿಯಾದಲ್ಲಿ ಇದು ಮನೆ ಮನೆ ಕತೆ. ಇದಕ್ಕೆ ವಾಟರ್‌ಪ್ರೂಫ್ ಪೇಂಟ್ ಬಳಿದ್ರೆ ಏನೂ ಆಗಲ್ಲ, ಗೋಡೆ ಹೊರಗಡೆ ಉದ್ದಕ್ಕೂ ಒಂದು ಚರಂಡಿ ತೋಡಿ ಜಲ್ಲಿ ತುಂಬಿ ನೀರಿಗೆ ಹೋಗೋಕೆ ದಾರಿ ಮಾಡ್ಬೇಕು. ನಾವು ಆ ವರ್ಷ ಅವಸರ ಮಾಡಿದ್ದಿದ್ರೆ ಪೇಂಟ್ ಬಳ್ದು ಕೂತಿರ್ತಿದ್ವಿ.

ಮಳೆಗಾಲ ಕಾಯೋ ಟೈಮಲ್ಲಿ ಪೇಪರ್ ಕೆಲಸ ಮಾಡ್ಕೊಳ್ಳಿ. ಕ್ರಯಪತ್ರ, ಖಾತಾ, ವಿಭಾಗಪತ್ರ, ಟ್ಯಾಕ್ಸ್ ರಸೀದಿ ಇವು ಹೇಗೂ ಬೇಕು, ಇ-ಖಾತಾ ಮಾಡಿಸಿಲ್ಲ ಅಂದ್ರೆ ಈಗ್ಲೇ ಮಾಡಿಸಿ, 2025ರಲ್ಲಿ ಬಿಬಿಎಂಪಿ ಹೋಗಿ 5 ಕಾರ್ಪೊರೇಷನ್ ಆದ್ಮೇಲೆ ನಿಮ್ಮದು ಯಾವ ಕಾರ್ಪೊರೇಷನ್‌ಗೆ ಬರುತ್ತೆ ಅಂತಾನೂ ಒಂದ್ಸಲ ನೋಡ್ಕೊಳ್ಳಿ. ಅದ್ರ ಜೊತೆ ಇನ್ನೊಂದು ಥರ ಪೇಪರ್ ಹುಡುಕಿ, ಯಾರೂ ಹುಡುಕದೇ ಇರೋದು: ಹಳೇ ಲೈಸೆನ್ಸು, ಮೋಟರ್ ಎಷ್ಟು ಹೆಚ್‌ಪಿ ಅಂತ ಬರೆದಿರೋ ಕರೆಂಟ್ ಬಿಲ್ಲು, ಮಿಷಿನ್ ತಗೊಂಡ ಬಿಲ್ಲು, ಕೆಲಸದೋರ ಹಾಜರಿ ಪುಸ್ತಕ, ಶಂಕುಸ್ಥಾಪನೆ ಫೋಟೋ, ಆಯುಧಪೂಜೆ ದಿನ ಎಲ್ರೂ ಮಿಷಿನ್ ಮುಂದೆ ನಿಂತು ತೆಗೆಸ್ಕೊಂಡ ಗ್ರೂಪ್ ಫೋಟೋ. ಹೆಚ್ಚಿನ ವಿವರ ಬೇಕಾದ್ರೆ ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರ, ನೃಪತುಂಗ ರಸ್ತೇಲಿರೋ ಮಿಥಿಕ್ ಸೊಸೈಟಿ ಲೈಬ್ರರಿ ಎರಡೂ ಕಡೆ ಹೋಗಿ ಕೇಳಬಹುದು, ಮಿಥಿಕ್ ಸೊಸೈಟಿ 1909ರಿಂದ ಇದೆ. ಅಲ್ಲಿ ನಿಮ್ಮ ಶೆಡ್ ಹೆಸರು ಸಿಗದೇ ಇರಬಹುದು, ಆದ್ರೆ ನಿಮ್ಮ ಬೀದಿಯ ಮ್ಯಾಪ್ ಸಿಗೋ ಚಾನ್ಸ್ ಇದೆ. ನಮಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ತಾತನ ಹತ್ರ ಅಚ್ಚುಮೊಳೆ, ಅಂದ್ರೆ ಒಂದೊಂದು ಅಕ್ಷರದ ಅಚ್ಚು, ಜೋಡಿಸ್ತಿದ್ದ ಒಬ್ರು ಹಿರಿಯರು. ಶ್ರೀರಾಂಪುರದಲ್ಲಿದಾರೆ, ಕರ್ಕೊಂಡು ಬಂದ್ವಿ, ಒಳಗೆ ಕಾಲಿಟ್ಟ ತಕ್ಷಣ "ಅಯ್ಯೋ, ಇಲ್ಲೊಂದು ಕಿಟಕಿ ಇತ್ತಲ್ಲಪ್ಪ, ಎಲ್ಲೋಯ್ತು" ಅಂದ್ರು. ಗಾರೆ ಕೆತ್ತಿ ನೋಡಿದ್ರೆ ಹೌದು, ಇಟ್ಟಿಗೆ ಇಟ್ಟು ಮುಚ್ಚಿದ ಕಿಟಕಿ, ಮರದ ಚೌಕಟ್ಟು ಇನ್ನೂ ಗಟ್ಟಿ. ಮೊಳೆ ಜೋಡಿಸೋರಿಗೆ ಎಡಗಡೆಯಿಂದ ಬೆಳಕು ಬೇಕು ಅಂತ ಇಟ್ಟಿದ್ದಂತೆ. ಈಗ ಬೈಂಡಿಂಗ್ ಟೇಬಲ್ ಅದೇ ಕಿಟಕಿ ಕೆಳಗಿದೆ.

ಇದೆಲ್ಲ ಸೇರಿಸಿ ಒಂದೇ ಒಂದು ಪುಟ ಬರೀರಿ. ಈ ಬಿಲ್ಡಿಂಗ್‌ನಲ್ಲಿ ಏನು ಮುಟ್ಟಬಾರದು, ಏನು ಬದಲಾಯಿಸಬಹುದು, ಏನು ಕಿತ್ತು ಬಿಸಾಕಿದ್ರೂ ನಷ್ಟ ಇಲ್ಲ. ನಮ್ಮ ಪುಟದಲ್ಲಿ ಮುಟ್ಟಬಾರದು ಅಂತ ಇದ್ದಿದ್ದು ನಾಲ್ಕೇ: ಸೂರಿನ ಆಕಾರ, ಟ್ರಸ್ಸು, ಆ ಕಿಟಕಿ, ಅಚ್ಚು ಹಾಕೋ ಟ್ರೆಡಲ್ ಮಿಷಿನ್ ಕೂತಿದ್ದ ಕಲ್ಲಿನ ಕಟ್ಟೆ. ಹಿಂದಿನ ಆರ್‌ಸಿಸಿ ರೂಮು ಮೂರನೇ ಪಟ್ಟಿಗೆ ಹೋಯ್ತು. ಕನ್ಸರ್ವೇಷನ್ ಮಾಡೋರು ಇದನ್ನ ದೊಡ್ಡ ಹೆಸರಲ್ಲಿ ಕರೀತಾರೆ, 1979ರ ಬುರ್ರಾ ಚಾರ್ಟರ್ ಅಂತ ಆಸ್ಟ್ರೇಲಿಯಾದೋರು ಮಾಡಿದ ದಾಖಲೆ ಇದೆ, ಅದ್ರ ಸಾರಾಂಶ ಕೂಡ ಹೆಚ್ಚುಕಮ್ಮಿ ಇದೇ, ಎಷ್ಟು ಬೇಕೋ ಅಷ್ಟು ಬದಲಾಯಿಸಿ, ಎಷ್ಟು ಕಮ್ಮಿ ಆಗುತ್ತೋ ಅಷ್ಟು ಕಮ್ಮಿ. ಫ್ಯಾಕ್ಟರಿ ಥರದ ಕಟ್ಟಡಗಳಿಗೇ ಅಂತ 2003ರಲ್ಲಿ ನಿಜ್ನಿ ತಗಿಲ್ ಚಾರ್ಟರ್ ಬಂತು, ಅದ್ರಲ್ಲಿ ಕಟ್ಟಡದ ಜೊತೆ ಮಿಷಿನ್ನು, ಕೆಲಸದೋರ ಕೈಚಳಕ, ನೆನಪು ಎಲ್ಲಾನೂ ಲೆಕ್ಕಕ್ಕೆ ತಗೋತಾರೆ. ಹಾಗಾಗಿ ಮಿಷಿನ್ನನ್ನ ಗುಜರಿಗೆ ಹಾಕೋ ಮುಂಚೆ ಎರಡು ಸಲ ಯೋಚನೆ ಮಾಡಿ. ನಾವು ಒಂದು ಕಟಿಂಗ್ ಮಿಷಿನ್ ಕೆಜಿ ಲೆಕ್ಕದಲ್ಲಿ ಕೊಟ್ಬಿಟ್ವಿ, ಈಗ ಬೈಂಡಿಂಗ್‌ಗೆ ಅಂಥದ್ದೇ ಸೆಕೆಂಡ್ ಹ್ಯಾಂಡ್ ಹುಡುಕ್ತಿದೀವಿ.

ಈಗ ಎಲ್ರೂ ಕೇಳೋ ಪ್ರಶ್ನೆ, ಹೆರಿಟೇಜ್ ಅಂತ ಡಿಕ್ಲೇರ್ ಮಾಡಿಸ್ಬೇಕಾ? ಮಾಡಿಸಿದ್ರೆ ಸರ್ಕಾರ ಕಿತ್ಕೊಳ್ಳುತ್ತಾ? ನಮ್ಮ ಅತ್ತಿಗೆ ಇದೇ ಭಯಕ್ಕೆ ಒಂದು ತಿಂಗಳು ಸೈನ್ ಹಾಕ್ಲಿಲ್ಲ. ಓನರ್‌ಶಿಪ್ ಎಲ್ಲೂ ಹೋಗಲ್ಲ, ಆದ್ರೆ ಕೆಡವೋಕೆ, ಮುಖ್ಯವಾದ ಬದಲಾವಣೆ ಮಾಡೋಕೆ ಪರ್ಮಿಷನ್ ಬೇಕಾಗುತ್ತೆ. ದಾರಿ ಬೇರೆ ಬೇರೆ ಇವೆ, ಜನ ಎಲ್ಲಾ ಒಂದೇ ಅಂದ್ಕೊಂಡು ಗಾಬರಿ ಆಗ್ತಾರೆ. ಕೇಂದ್ರದ್ದು 1958ರ ಕಾಯ್ದೆ, ಎಎಸ್‌ಐ, ಅಂದ್ರೆ ಕೇಂದ್ರದ ಪುರಾತತ್ವ ಇಲಾಖೆ, ನೋಡ್ಕೊಳ್ಳುತ್ತೆ, ಅದಕ್ಕೆ ಕನಿಷ್ಠ 100 ವರ್ಷ ಹಳೇದಾಗಿರಬೇಕು. ರಾಜ್ಯಕ್ಕೆ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಬೇರೆ ಇದೆ. ಇವೆರಡೂ ದೇವಸ್ಥಾನ, ಕೋಟೆ, ಶಾಸನ ಇಂಥದ್ದಕ್ಕೆ ಹೊಂದೋದು, ನಮ್ಮಂಥ ಶೆಡ್‌ಗಳಿಗೆ ಅಲ್ಲಿ ಜಾಗ ಸಿಗೋದು ಕಷ್ಟ. ನಮಗೆ ಸರಿಹೋಗೋದು ಮೂರನೇ ದಾರಿ, ಅದೇ 1961ನೇ ಇಸವಿಯದ್ದೇ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ. ಅದ್ರಲ್ಲಿ ಹೆರಿಟೇಜ್ ಬಿಲ್ಡಿಂಗ್ ಅಂದ್ರೆ ವಾಸ್ತುಶಿಲ್ಪ, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿ ದೃಷ್ಟಿಯಿಂದ ಮೌಲ್ಯ ಇದ್ದು ಪ್ಲಾನಿಂಗ್ ಅಥಾರಿಟಿ ಘೋಷಿಸಿದ ಕಟ್ಟಡ ಅಂತ ವ್ಯಾಖ್ಯಾನ ಇದೆ, ಇಷ್ಟು ವರ್ಷ ಆಗಿರಲೇಬೇಕು ಅನ್ನೋ ಮಾತು ಆ ವ್ಯಾಖ್ಯಾನದಲ್ಲಿ ಇಲ್ಲ. ಹಾಗಾಗಿ ಐವತ್ತರ ದಶಕದ ಪ್ರೆಸ್ಸಿಗೂ ಬಾಗಿಲು ತೆಗೆದೇ ಇದೆ. ಅರ್ಜಿ ಜೊತೆ ಮೇಲೆ ಹೇಳಿದ ಆ ಒಂದು ಪುಟ, ಅಳತೆ ಡ್ರಾಯಿಂಗು, ಫೋಟೋ ಇಟ್ರೆ ನಿಮ್ಮ ಮಾತಿಗೆ ತೂಕ ಬರುತ್ತೆ. ಇಂಟ್ಯಾಕ್ ಅಂತ 1984ರಲ್ಲಿ ಶುರುವಾದ ಸಂಸ್ಥೆ ಇದೆ, ಅದ್ರ ಬೆಂಗಳೂರು ಚಾಪ್ಟರ್‌ನೋರು ಊರಿನ ಹಳೇ ಕಟ್ಟಡಗಳನ್ನ ದಾಖಲೆ ಮಾಡ್ತಾರೆ, ಅವರ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಾನೂನಿನ ರಕ್ಷಣೆ ಸಿಗಲ್ಲ, ಆದ್ರೆ ಯಾರನ್ನ ಕೇಳ್ಬೇಕು, ಯಾವ ಮೇಸ್ತ್ರಿ ಒಳ್ಳೇದು ಅನ್ನೋದು ಗೊತ್ತಾಗುತ್ತೆ.

ಇನ್ನೊಂದು ವಿಷಯ ಕಲಾಸಿಪಾಳ್ಯ, ಚಾಮರಾಜಪೇಟೆ, ಮಾರ್ಕೆಟ್ ಕಡೆಯೋರಿಗೆ. ಟಿಪ್ಪು ಅರಮನೆ, ಕೋಟೆ ಎರಡೂ ಎಎಸ್‌ಐ ಸ್ಮಾರಕ. ಮೇಲೆ ಹೇಳಿದ 1958ರ ಕಾಯ್ದೆಗೆ ಬಂದ 2010ರ ತಿದ್ದುಪಡಿ ಪ್ರಕಾರ ಅಂಥ ಸ್ಮಾರಕದಿಂದ 100 ಮೀಟರ್ ನಿಷೇಧಿತ ಜಾಗ, ಅದ್ರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಜಾಗ. ನಿಮ್ಮ ಶೆಡ್ಡು ಹೆರಿಟೇಜ್ ಆಗಿಲ್ದೇ ಇದ್ರೂ ಆ 100 ಮೀಟರ್ ಒಳಗಿದ್ರೆ ಹೊಸದಾಗಿ ಕಟ್ಟಂಗಿಲ್ಲ, 1992ರ ಜೂನ್ 16ಕ್ಕೆ ಮುಂಚೆ ಇದ್ದ ಬಿಲ್ಡಿಂಗ್ ಆದ್ರೆ ರಿಪೇರಿಗೆ ಅರ್ಜಿ ಹಾಕ್ಬಹುದು. ಕೆಡವಿದ್ಮೇಲೆ ಇದು ಗೊತ್ತಾದ್ರೆ ಖಾಲಿ ಸೈಟ್ ಮುಂದೆ ಕುರ್ಚಿ ಹಾಕ್ಕೊಂಡು ಕೂತ್ಕೋಬೇಕಾಗುತ್ತೆ ಅಷ್ಟೆ. ಹಾಗಾಗಿ ಅಂಥ ಜಾಗದಲ್ಲಿ ಹಳೇ ಶೆಡ್ ಉಳಿಸ್ಕೊಳ್ಳೋದು ಪುಣ್ಯದ ಕೆಲಸಾನೂ ಹೌದು, ಲಾಭಾನೂ ಹೌದು.

ಮುಂದೆ ಬಿಲ್ಡಿಂಗ್ ಚೆಕಪ್. ಇದಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಬೇಕೇ ಬೇಕು, ಆದ್ರೆ ಹಳೇ ಕಟ್ಟಡದಲ್ಲಿ ಕೆಲಸ ಮಾಡಿದೋರು ಬೇಕು. ಮೊದಲು ಬಂದೋರು ಹತ್ತು ನಿಮಿಷ ನೋಡಿ "ಲೈಫ್ ಮುಗ್ದಿದೆ ಸಾರ್" ಅಂದ್ರು, ಒಂದು ಟ್ರಸ್ಸನ್ನೂ ಹತ್ತಿ ನೋಡಿರ್ಲಿಲ್ಲ. ಎರಡನೇಯೋರು ಏಣಿ ಹಾಕಿ, ಸುತ್ತಿಗೆ ತಗೊಂಡು, ಮೂರು ದಿನ ಕುಟ್ಟಿ ಕೇಳಿದ್ರು.

ಕಬ್ಬಿಣದ ವಿಷಯ. ಹಳೇ ತೊಲೆ ಮೇಲಿನ ಪೇಂಟ್ ಸ್ವಲ್ಪ ಕೆರೆದ್ರೆ ತಯಾರಿಸಿದೋರ ಹೆಸರು ಉಬ್ಬಿ ಕಾಣುತ್ತೆ, ನಮ್ಮ ಊರಿನ ಎಷ್ಟೋ ಹಳೇ ಕಟ್ಟಡಗಳಲ್ಲಿ ಇಂಗ್ಲೆಂಡಿನ ಡಾರ್ಮನ್ ಲಾಂಗ್ ಹೆಸರಿರುತ್ತೆ, ಕೆಲವುದ್ರಲ್ಲಿ ಟಾಟಾ. ಲಾಲ್‌ಬಾಗ್ ಗಾಜಿನ ಮನೆ ಕಬ್ಬಿಣ ಗ್ಲಾಸ್ಗೋದಿಂದ ಬಂದಿದ್ದು ಅಂತ ಗೊತ್ತಲ್ಲ, ನಮ್ಮ ಮನೇಲೂ ಹಡಗು ಹತ್ತಿ ಬಂದ ಕಬ್ಬಿಣ ಇದ್ಯಾ ಅಂತ ನೋಡೋಕೆ ಒಂಥರಾ ಖುಷಿ, ಫೋಟೋ ತೆಗೀರಿ. ಆದ್ರೆ ಆ ಖುಷೀಲಿ ವೆಲ್ಡರ್ ಕರೀಬೇಡಿ. ಹಳೇ ಕಬ್ಬಿಣದಲ್ಲಿ ಗಂಧಕ, ರಂಜಕ ಜಾಸ್ತಿ ಇರೋ ಸಾಧ್ಯತೆ ಇದೆ, ವೆಲ್ಡ್ ಮಾಡಿದ ಪಕ್ಕದಲ್ಲೇ ಬಿರುಕು ಬಿಡಬಹುದು, ಟೆಸ್ಟ್ ಮಾಡಿಸ್ದೆ ಬೆಂಕಿ ತಾಗಿಸ್ಬಾರ್ದು. ರಿವೆಟ್ ಹೊಡೆದಿರೋ ಕಡೆ ಬೋಲ್ಟ್ ಹಾಕಿ ಪಟ್ಟಿ ಸೇರಿಸೋದು ಸೇಫು, ನಾಳೆ ಬೇಡ ಅನ್ಸಿದ್ರೆ ಬಿಚ್ಚಬಹುದು ಕೂಡ. ಟ್ರಸ್ಸು ಗೋಡೆ ಒಳಗೆ ಹೋಗೋ ಜಾಗ ಇದ್ಯಲ್ಲ, ತುಕ್ಕು ಬಚ್ಚಿಟ್ಕೊಳ್ಳೋದು ಅಲ್ಲೇ, ಮಧ್ಯದಲ್ಲಿ ಫಳಫಳ ಅಂತಿದ್ರೂ ತುದಿ ಬಿಸ್ಕೆಟ್ ಥರ ಆಗಿರುತ್ತೆ. ನಮ್ಮ 9 ಟ್ರಸ್ಸಲ್ಲಿ 2ರ ತುದಿ ಹಂಗೇ ಆಗಿತ್ತು.

ಆರ್‌ಸಿಸಿ ಇದ್ರೆ ಒಂದು ಸುಲಭದ ಟೆಸ್ಟ್ ಇದೆ, ಕಣ್ಣಾರೆ ನೋಡಿ. ಸಣ್ಣದಾಗಿ ಕಾಂಕ್ರೀಟ್ ಒಡೆದು, ಹೊಸದಾಗಿ ಒಡೆದ ಮುಖದ ಮೇಲೆ ಫಿನಾಲ್ಫ್ತಲೀನ್ ಅನ್ನೋ ದ್ರಾವಣ ಸ್ಪ್ರೇ ಮಾಡ್ತಾರೆ. ಗುಲಾಬಿ ಬಣ್ಣ ಬಂದ್ರೆ ಕಾಂಕ್ರೀಟ್ ಇನ್ನೂ ಕಂಬಿನ ಕಾಪಾಡ್ತಿದೆ ಅಂತ, ಬಣ್ಣ ಬರ್ದೇ ಇದ್ರೆ ಅಲ್ಲೀವರೆಗೂ ಗಾಳಿ ತಿಂದಿದೆ ಅಂತ. ಬಣ್ಣ ಇಲ್ದಿರೋ ಭಾಗ ಕಂಬಿವರೆಗೂ ಹೋಗಿದ್ರೆ ಕಂಬಿ ತುಕ್ಕು ಹಿಡಿಯೋ ದಾರೀಲಿದೆ. ನಮ್ಮ ಹಿಂದಿನ ರೂಮಲ್ಲಿ ಗುಲಾಬಿ ಹುಡುಕೋಕೆ ಒಂದೂವರೆ ಇಂಚು ಒಳಗೆ ಹೋಗ್ಬೇಕಾಯ್ತು, ಕಂಬಿ ಇದ್ದಿದ್ದು ಮುಕ್ಕಾಲು ಇಂಚಲ್ಲಿ. ಆ ರೂಮ್ ಕೆಡವಿದ್ವಿ. ಹಳೇದೆಲ್ಲ ಉಳಿಸ್ಲೇಬೇಕು ಅಂತ ಹಟ ಮಾಡೋದ್ರಲ್ಲಿ ಅರ್ಥ ಇಲ್ಲ.

ಇನ್ನು ಗೋಡೆ. ನಾವು ಸರಿಯಾಗಿ ಏಟು ತಿಂದಿದ್ದು ಇಲ್ಲಿ. ಪಶ್ಚಿಮದ ಗೋಡೆ ಹಳೇ ಗಾರೆ ಉದುರ್ತಿತ್ತು, ಕಾಂಟ್ರ್ಯಾಕ್ಟರ್ ಒಬ್ರು "ಸಿಮೆಂಟ್ ಪ್ಲಾಸ್ಟರ್ ಹೊಡೆದ್ರೆ ಐವತ್ತು ವರ್ಷ ನೋಡಂಗಿಲ್ಲ" ಅಂದ್ರು, ನಾವೂ ಹೂಂ ಅಂದ್ವಿ. ಎರಡೇ ಮಳೆಗಾಲ. ಗೋಡೆ ಮೇಲೆ ಹಪ್ಪಳದ ಥರ ಬೊಬ್ಬೆ ಎದ್ದು, ತಟ್ಟಿದ್ರೆ ಡಬಡಬ ಅಂತ ಟೊಳ್ಳು ಸದ್ದು, ಕಿತ್ತು ನೋಡಿದ್ರೆ ಸಿಮೆಂಟ್ ಜೊತೆ ಇಟ್ಟಿಗೆ ಮುಖಾನೇ ಎದ್ದು ಬಂದಿದೆ, ಹಿಂದೆ ಬಿಳೀ ಉಪ್ಪು. ಕಾರಣ ಸಿಂಪಲ್, ಹಳೇ ನಾಡ ಇಟ್ಟಿಗೆ ಮೆತ್ತಗಿರುತ್ತೆ, ಸುಣ್ಣದ ಗಾರೆ ಜೊತೆ ಕಟ್ಟಿರ್ತಾರೆ, ಗೋಡೆ ನೀರು ಕುಡಿದು ಸುಣ್ಣದ ಮೂಲಕ ಆವಿಯಾಗಿ ಬಿಟ್ಕೊಳ್ಳುತ್ತೆ. ಮೇಲೆ ಸಿಮೆಂಟ್ ಹೊಡೆದ್ರೆ ನೀರು ಒಳಗೇ ಸಿಕ್ಕಾಕ್ಕೊಳ್ಳುತ್ತೆ, ಉಪ್ಪು ಅಲ್ಲೇ ಹರಳುಗಟ್ಟಿ ಇಟ್ಟಿಗೆನ ಒಡೆಯುತ್ತೆ. ಆಮೇಲೆ ಮಂಡ್ಯ ಕಡೆಯಿಂದ ಸುಣ್ಣದ ಕೆಲಸ ಗೊತ್ತಿರೋ ಮೇಸ್ತ್ರಿ ಒಬ್ರು ಬಂದ್ರು. ಅವ್ರು ಬಂದು ಮಾಡಿದ ಮೊದಲ ಕೆಲಸ ಏನು ಗೊತ್ತಾ, ಎರಡು ಪ್ಲಾಸ್ಟಿಕ್ ಡ್ರಮ್ ತರಿಸಿ ಸುಣ್ಣ ನೆನೆಹಾಕಿ ಬಾಯಿ ಕಟ್ಟಿ "ಇನ್ನೊಂದು ತಿಂಗಳು ಇದನ್ನ ಮುಟ್ಟಬೇಡಿ" ಅಂತ ಹೇಳಿ ಊರಿಗೆ ಹೋಗ್ಬಿಟ್ರು. ತಿಂಗಳಾದ್ಮೇಲೆ ತೆಗೆದ್ರೆ ಗಟ್ಟಿ ಮೊಸರಿನ ಥರ, ಕರಣೆಗೆ ಅಂಟ್ಕೊಳ್ಳೋ ಹಾಗೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಅಳಲೆಕಾಯಿ ನೆನೆಸಿದ ನೀರು, ಸ್ವಲ್ಪ ಬೆಲ್ಲ. ಶೆಡ್ಡೆಲ್ಲ ಒಂದು ವಾರ ಬೆಲ್ಲದ ವಾಸನೆ, ಇರುವೆ ಕಾಟ ಬೇರೆ. ಸುಣ್ಣದ ಗಾರೆ ಒಣಗೋಕೆ ಟೈಮ್ ಕೇಳುತ್ತೆ, ಗೋಣಿಚೀಲ ಕಟ್ಟಿ ಒದ್ದೆ ಮಾಡ್ತಾ ಇರ್ಬೇಕು, ಬೇಗ ಬೇಗ ಬಿಲ್ ಮಾಡ್ಬೇಕು ಅನ್ನೋರ ಕೈಲಿ ಆಗೋ ಕೆಲಸ ಅಲ್ಲ. ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆದ್ರೆ ಮತ್ತೆ ಅದೇ ಕತೆ, ಸುಣ್ಣಾನೇ ಬಳೀರಿ.

ಇದ್ರ ಉಲ್ಟಾ ತಪ್ಪು ಇನ್ನೊಂದಿದೆ, ಕೆಫೆ ಮಾಡೋರದ್ದು. ಇಟ್ಟಿಗೆ ಕಾಣ್ಬೇಕು, ಫೋಟೋಗೆ ಚೆನ್ನಾಗಿರುತ್ತೆ ಅಂತ ಹಳೇ ಗಾರೆ ಎಲ್ಲಾ ಕಿತ್ತು ವೈರ್ ಬ್ರಷ್ ಹಾಕಿ ಉಜ್ಜಿಬಿಡ್ತಾರೆ. ನಮ್ಮೂರ ಹಳೇ ಇಟ್ಟಿಗೆ ಗಾರೆ ಒಳಗೆ ಇರೋಕೆ ಅಂತಾನೇ ಸುಟ್ಟಿದ್ದು, ಅದ್ರ ಸುಟ್ಟ ತೊಗಟೆ ಹೋದ್ರೆ ದಿನಾ ಕಸ ಗುಡಿಸಿದಾಗ ಕೆಂಪು ಪುಡಿ ಬರ್ತಾನೇ ಇರುತ್ತೆ, ಕೊನೆಗೆ ಗಿರಾಕಿ ಕಾಫಿ ಒಳಗೂ.

ಸೂರು. ನಮ್ಮ ಒಟ್ಟು ಖರ್ಚಲ್ಲಿ ಹತ್ರ ಹತ್ರ ಅರ್ಧ ಇದಕ್ಕೇ ಹೋಯ್ತು, ಮತ್ತೆ ಮಾಡಿದ್ರೂ ಇದಕ್ಕೇ ಮೊದಲು ಹಾಕ್ತೀನಿ. ಒಂದು ಚದರ ಮೀಟರ್‌ಗೆ ಸುಮಾರು 15 ಹೆಂಚು ಹಿಡಿಯುತ್ತೆ, ನಮ್ದು 4 ಸಾವಿರ ಹತ್ರ ಇತ್ತು. ಎಲ್ಲಾ ಇಳಿಸಿ, ತೊಳೆದು, ಬೆರಳ ಗೆಣ್ಣಲ್ಲಿ ತಟ್ಟಿ ನೋಡಿ, ಠಣ್ ಅಂದ್ರೆ ಇಡೋದು, ಡಬ್ ಅಂದ್ರೆ ಬಿಡೋದು. ನಾಲ್ಕರಲ್ಲಿ ಮೂರು ಪಾಲು ವಾಪಸ್ ಮೇಲೆ ಹೋಯ್ತು. ಮಿಕ್ಕಿದ್ದಕ್ಕೆ ಹಳೇ ಮರಮುಟ್ಟು ಮಾರೋ ಅಂಗಡಿ ಸುತ್ತಿದ್ವಿ, ಹೋಗ್ತಾ ಕೈಲಿ ನಿಮ್ಮದೊಂದು ಹೆಂಚು ತಗೊಂಡು ಹೋಗಿ, ಯಾಕಂದ್ರೆ ಒಂದೊಂದು ಕಾರ್ಖಾನೆ ಹೆಂಚಿನ ತೋಡು ಒಂದೊಂದು ಥರ, ಕಣ್ಣಿಗೆ ಒಂದೇ ಅನ್ಸಿದ್ರೂ ಒಂದರೊಳಗೊಂದು ಕೂರಲ್ಲ, ಅರ್ಧ ಇಂಚು ಸಂದು ಬಿಟ್ಟು ಸೋರುತ್ತೆ. ಅಂದಹಾಗೆ ಹೆಂಚಿನ ಹಿಂದೆ ಬಾಸೆಲ್ ಮಿಷನ್ 1865 ಅಂತ ಇದ್ರೆ ನಮ್ಮ ಶೆಡ್ಡು 1865ರದ್ದು ಅಂತ ಕುಣಿಬೇಡಿ, ಅದು ಮಂಗಳೂರಿನ ಕಾರ್ಖಾನೆ ಶುರುವಾದ ವರ್ಷ. ನಮ್ಮ ಚಿಕ್ಕಪ್ಪ ಎರಡು ದಿನ ಕುಣಿದಿದ್ರು.

ಜೋಡಿ ಇಳಿಜಾರಿದ್ರೆ ಮಧ್ಯದ ದೋಣಿ (ಎರಡು ಸೂರು ಸೇರೋ ಕಡೆ ನೀರು ಹರಿಯೋ ಕಾಲುವೆ) ನೋಡಿ, ಅದು ಕಟ್ಕೊಂಡ್ರೆ ಎಲ್ಲಾ ಹೆಂಚು ಹೊಸದಾಗಿದ್ರೂ ಒಳಗೆ ಜಲಪಾತ. ನಮ್ಮ ಸೂರಿನ ಅಳತೆಗೆ ವರ್ಷಕ್ಕೆ ಬೀಳೋ ನೀರು ಎರಡು ಕಾಲು ಲಕ್ಷ ಲೀಟರ್, ಅದ್ರಲ್ಲಿ ಅರ್ಧ ಆ ಒಂದು ದೋಣೀಲೇ ಹರೀಬೇಕು. ಹಳೇದು 6 ಇಂಚು ಅಗಲ ಇತ್ತು, 14 ಇಂಚು ಮಾಡಿಸಿ ಒಬ್ಬ ಮನುಷ್ಯ ಕಾಲಿಟ್ಟು ನಡೆಯೋ ಹಾಗೆ ಮಾಡಿದ್ವಿ, ಕ್ಲೀನ್ ಮಾಡೋಕೆ. ನೀರನ್ನ ಹಿಂದಿರೋ ಸಂಪ್‌ಗೆ ಬಿಟ್ವಿ. 2,400 ಚದರಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೇ ಕಟ್ಟಡಗಳಿಗೆ ಜಲಮಂಡಳಿ 2009ರಿಂದ ಮಳೆನೀರು ಕೊಯ್ಲು ಕಡ್ಡಾಯ ಮಾಡಿರೋದ್ರಿಂದ ಅದೂ ಒಟ್ಟಿಗೇ ಮುಗೀತು.

ಗರಗಸದ ಹಲ್ಲಿನ ಥರ ಸೂರಿರೋ ಮಿಲ್ ಶೆಡ್ ನಿಮ್ದಾಗಿದ್ರೆ ನೀವು ಅದೃಷ್ಟವಂತರು. ಗಾಜು ಉತ್ತರಕ್ಕೆ ಮುಖ ಮಾಡಿರುತ್ತೆ, ದಿನವಿಡೀ ನೆರಳಿಲ್ಲದ ತಂಪು ಬೆಳಕು, ಮಗ್ಗದೋರಿಗೆ ನೂಲು ಕಾಣ್ಲಿ ಅಂತ ಮಾಡಿದ್ದು, ಇವತ್ತು ಚಿತ್ರ ಬರೆಯೋರಿಗೆ, ಹೊಲಿಯೋರಿಗೆ ಅದಕ್ಕಿಂತ ಒಳ್ಳೆ ಬೆಳಕು ಸಿಗಲ್ಲ. ಆದ್ರೆ ಬೆಂಗಳೂರು ಇರೋದು 13 ಡಿಗ್ರಿ ಅಕ್ಷಾಂಶದ ಹತ್ರ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕಿರ್ತಾನೆ, ಆಗ ಆ ಗಾಜಿಂದ ಬಿಸಿಲು ಒಳಗೆ ಬರುತ್ತೆ. ಒಂದು ಬಟ್ಟೆ ಪರದೆ ಸಾಕು, ಗಾಜನ್ನ ಮುಚ್ಚಿ ಎಸಿ ಹಾಕಿಸ್ಬೇಡಿ. ಶೀಟ್ ಸೂರಾದ್ರೆ ಅದು ಕಲ್ನಾರಿಂದಾ (ಆಸ್ಬೆಸ್ಟಾಸ್) ಅಂತ ತಿಳ್ಕೊಳ್ಳಿ. ಆ ಕಲ್ನಾರು ಶೀಟನ್ನ ಒಣದಾಗಿ ಕೊಯ್ಯೋದು, ಒಡೆಯೋದು ಬೇಡವೇ ಬೇಡ, ಆ ದೂಳು ಶ್ವಾಸಕೋಶಕ್ಕೆ ಹೋದ್ರೆ ವರ್ಷಗಳಾದ್ಮೇಲೆ ಕಾಯಿಲೆ ತರುತ್ತೆ. ನೀರು ಹೊಡೆದು, ಮಾಸ್ಕ್ ಹಾಕಿ, ಇಡೀ ಇಡೀ ಶೀಟನ್ನೇ ಇಳಿಸ್ಬೇಕು.

ದೂಳಿನ ಮಾತು ಬಂದಿದ್ದಕ್ಕೆ ಹೇಳ್ತೀನಿ, ಫ್ಯಾಕ್ಟರಿ ನೆಲಕ್ಕೆ ಜ್ಞಾಪಕಶಕ್ತಿ ಜಾಸ್ತಿ. ಅಚ್ಚುಮೊಳೆ ಅಂದ್ರೆ ಸೀಸ, ಅದ್ರ ಜೊತೆ ತವರ, ಆಂಟಿಮನಿ. ಐವತ್ತು ವರ್ಷ ಮೊಳೆ ಬಿದ್ದು ತುಳಿದು ಸವೆದ ನೆಲದ ಸಂದಿಲೆಲ್ಲ ಸೀಸದ ಪುಡಿ. ಡ್ಯಾನ್ಸ್ ಕ್ಲಾಸಿಗೆ ಬರೋ ಮಕ್ಕಳು ಬರಿಗಾಲಲ್ಲಿ ಕುಣಿಯೋದು, ಕೂರೋದು ಅಲ್ಲೇ, ಅಲ್ಲೇ ಬಿಸ್ಕೆಟ್ ತಿನ್ನೋದು. ಇದನ್ನ ನಮಗೆ ಹೇಳಿದ್ದು ಇಂಜಿನಿಯರ್ ಅಲ್ಲ, ಕ್ಲಾಸ್ ನಡೆಸೋ ಮೇಡಮ್ಮೋರ ಗಂಡ, ಅವ್ರು ಲ್ಯಾಬಲ್ಲಿ ಕೆಲಸ ಮಾಡೋದು. ಒಣ ಪೊರಕೇಲಿ ಗುಡಿಸ್ದೆ, ಒದ್ದೆ ಬಟ್ಟೇಲಿ ಮೂರು ಸಲ ಒರೆಸಿ, ಸಂದಿಯ ಮಣ್ಣು ಕೆದಕಿ ತೆಗೆದು, ಮೇಲೆ ಹೊಸದಾಗಿ ರೆಡ್ ಆಕ್ಸೈಡ್ ನೆಲ ಹಾಕಿಸಿದ್ವಿ. ನಿಮ್ದು ಲೋಹಕ್ಕೆ ಲೇಪ ಹಾಕೋ ಪ್ಲೇಟಿಂಗ್ ಶೆಡ್ ಆಗಿದ್ರೆ ಕ್ರೋಮಿಯಂ ನೋಡ್ಬೇಕು, ಪೀಣ್ಯ ಕಡೆ ಅಂತರ್ಜಲಕ್ಕೇ ಅದು ಸೇರಿರೋದು ಎಲ್ರಿಗೂ ಗೊತ್ತು, ಬೋರ್‌ವೆಲ್ ನೀರು ಟೆಸ್ಟ್ ಮಾಡಿಸ್ದೆ ಅಲ್ಲಿ ಹೋಟೆಲ್ ತೆಗೀಬೇಡಿ. ಹಳೇ ಟ್ರಾನ್ಸ್‌ಫಾರ್ಮರ್ ಇದ್ರೆ ಅದ್ರ ಎಣ್ಣೆ ಚರಂಡಿಗೆ ಬಿಡೋದು ಬೇಡ.

ಇಷ್ಟೆಲ್ಲ ಗೊತ್ತಾದ್ಮೇಲೆ ಅಲ್ಲಿ ಏನ್ ನಡೆಸ್ಬೇಕು ಅಂತ ಕೂತು ಯೋಚನೆ ಮಾಡಿ. ಎಲ್ರೂ ಉಲ್ಟಾ ಮಾಡ್ತಾರೆ, ಮೊದಲು ಕೆಫೆ ಅಂತ ತೀರ್ಮಾನ, ಆಮೇಲೆ ಅದಕ್ಕೆ ತಕ್ಕಂಗೆ ಗೋಡೆ ಒಡೆಯೋದು. ಫ್ರೀಡಂ ಪಾರ್ಕ್ ನೋಡಿ, 1867ರ ಸೆಂಟ್ರಲ್ ಜೈಲು, ಮಧ್ಯದ ಕಾವಲು ಗೋಪುರ ಸುತ್ತ ಖಾಲಿ ಜಾಗ, ಕೈದಿಗಳ ಮೇಲೆ ಕಣ್ಣಿಡೋಕೆ ಮಾಡಿದ್ದು. ಅದೇ ಜಾಗದಲ್ಲಿ ಈಗ ಜನ ಸೇರ್ತಾರೆ, ಧರಣಿ ಕೂರ್ತಾರೆ, ಕಟ್ಟಡದ ಆಕಾರಕ್ಕೆ ಹೊಂದೋ ಬಳಕೆ ಸಿಕ್ಕಿದ್ರಿಂದ ಗೋಪುರ ಮುಟ್ಟೋ ಅವಶ್ಯಕತೆನೇ ಬರ್ಲಿಲ್ಲ. ಲಂಡನ್‌ನ ಟೇಟ್ ಮಾಡರ್ನ್ ಪವರ್ ಸ್ಟೇಷನ್ ಆಗಿತ್ತು, 2000ದಲ್ಲಿ ಮ್ಯೂಸಿಯಂ ಆಗಿ ತೆರೆದಾಗ ಟರ್ಬೈನ್ ಕೂತಿದ್ದ ದೊಡ್ಡ ಹಾಲನ್ನ ಖಾಲಿನೇ ಬಿಟ್ರು, ಜನ ಹೋಗೋದೇ ಆ ಖಾಲಿ ನೋಡೋಕೆ. ನಮ್ಮೂರಲ್ಲಿ 1936ರ ಮೈಸೂರ್ ಲ್ಯಾಂಪ್ಸ್, ಬೈಯಪ್ಪನಹಳ್ಳಿ ಎನ್‌ಜಿಇಎಫ್ ಇವುಗಳ ಬಗ್ಗೆ ಪ್ಲಾನ್ ಮಾತು ಕೇಳ್ತಾನೇ ಇದೀವಿ, ಅಲ್ಲಿ ಏನೇ ಬಂದ್ರೂ ಆ ಉದ್ದುದ್ದ ಶೆಡ್‌ಗಳನ್ನ ಚಿಕ್ಕ ಚಿಕ್ಕ ರೂಮ್ ಮಾಡದೇ ಇದ್ರೆ ಸಾಕು ಅನ್ನೋದು ನನ್ನ ಆಸೆ.

ಲೆಕ್ಕ ಹಾಕೋದು ಹೀಗೆ. ಬಳಕೆ ಬದಲಾದ್ರೆ ನೆಲದ ಮೇಲಿನ ಭಾರಾನೂ ಬದಲಾಗುತ್ತೆ: ಕಟ್ಟಡದ ಭಾರದ ಲೆಕ್ಕಕ್ಕೆ ಇರೋ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 875 ಪ್ರಕಾರ ಮನೆಗೆ ಚದರ ಮೀಟರ್‌ಗೆ ಸುಮಾರು 200 ಕೆಜಿ ಹಿಡಿದ್ರೆ, ಸೀಟ್ ಫಿಕ್ಸ್ ಇಲ್ಲದ, ಜನ ಸೇರೋ ಹಾಲಿಗೆ 500 ಕೆಜಿ. ನೆಲಮಹಡಿ ಆದ್ರೆ ಚಿಂತೆ ಇಲ್ಲ, ಮರದ ಜಂತೆ ಮೇಲಿನ ಅಟ್ಟದಲ್ಲಿ ಡ್ಯಾನ್ಸ್ ಕ್ಲಾಸ್ ಇಡೋ ಮುಂಚೆ ನೂರು ಸಲ ಕೇಳಿ. ನಾವು ಮೆಜನೈನ್ (ಒಳಗೇ ಒಂದು ಅರ್ಧ ಮಹಡಿ) ಮಾಡ್ಬೇಕಾದಾಗ ಹಳೇ ಗೋಡೆಗೆ ತಗುಲಿಸ್ಲೇ ಇಲ್ಲ, ತನ್ನದೇ ಕಂಬದ ಮೇಲೆ ನಿಲ್ಲೋ ಮಂಚದ ಥರ ಮಾಡಿಸಿದ್ವಿ. ಸದ್ದಿನ ವಿಷಯ, ಗಲ್ಲಿ ಒಳಗೆ ಅಕ್ಕಪಕ್ಕ ಮನೆ ಇದ್ದಾಗ ರಾತ್ರಿ ಹಾಡು ಕಾರ್ಯಕ್ರಮ ಬೇಡ, ಹೆಂಚಿನ ಸಂದಿಯಿಂದ ಸದ್ದೆಲ್ಲ ಆಚೆ ಹೋಗುತ್ತೆ.

ಪರ್ಮಿಷನ್ ಬಗ್ಗೆ ಚುಟುಕಾಗಿ. ನಿಮ್ಮ ಜಾಗ ಮಾಸ್ಟರ್ ಪ್ಲಾನ್‌ನಲ್ಲಿ ಯಾವ ಝೋನ್ ಅಂತ ನೋಡಿ, ಹೊಸ ಬಳಕೆಗೆ ಅಲ್ಲಿ ಅವಕಾಶ ಇಲ್ಲ ಅಂದ್ರೆ ಮೇಲೆ ಹೇಳಿದ ನಗರ ಯೋಜನೆ ಕಾಯ್ದೆಯ 14ಎ ಸೆಕ್ಷನ್ ಕೆಳಗೆ ಭೂಬಳಕೆ ಬದಲಾವಣೆ ಕೇಳ್ಬೇಕು, ಟೈಮ್ ಹಿಡಿಯುತ್ತೆ. ಕಾರ್ಪೊರೇಷನ್ ಟ್ರೇಡ್ ಲೈಸೆನ್ಸ್ ಹಳೇ ಹೆಸರಲ್ಲಿ ನಡೆಯಲ್ಲ. ಬೆಸ್ಕಾಂ ಮೀಟರ್ ಫ್ಯಾಕ್ಟರಿ ಕಾಲದ ಎಲ್‌ಟಿ-5ರಲ್ಲೇ ಇರುತ್ತೆ, ಕೆಫೆ ನಡೆಸಿದ್ರೆ ವ್ಯಾಪಾರದ ದರದ ಎಲ್‌ಟಿ-3ಗೆ ಬದಲಾಯಿಸ್ಕೊಳ್ಳಿ, ಇಲ್ಲಾಂದ್ರೆ ವಿಜಿಲೆನ್ಸ್‌ನೋರು ಬಂದಾಗ ಹಿಂದಿನದ್ದೆಲ್ಲ ಸೇರಿಸಿ ಬಿಲ್ ಹಾಕ್ತಾರೆ. ವೈರಿಂಗ್ ಪೂರ್ತಿ ಹೊಸದು, ಇದ್ರಲ್ಲಿ ಮಾತ್ರ ಹಳೇದರ ಮೇಲೆ ಪ್ರೀತಿ ತೋರಿಸ್ಬೇಡಿ, 2012ರಲ್ಲಿ ರಸೆಲ್ ಮಾರ್ಕೆಟ್‌ಗೆ ಬೆಂಕಿ ಬಿದ್ದಾಗ ಮರ ಇರೋ ಹಳೇ ಕಟ್ಟಡದ ಗತಿ ಏನಾಗುತ್ತೆ ಅಂತ ಊರೆಲ್ಲ ನೋಡಿದೆ. ಜನ ಸೇರೋ ಜಾಗಕ್ಕೆ ಎರಡು ಬಾಗಿಲು, ಎರಡೂ ಆಚೆಗೆ ತೆರೆಯೋ ಹಾಗೆ. ನಮ್ಮ ಎರಡನೇ ಬಾಗಿಲು ಕೆಡವಿದ ರೂಮಿನ ಕಡೆ ಬಂತು.

ದುಡ್ಡು ಒಂದೇ ಸಲ ಹಾಕ್ಬೇಡಿ. ನಾವು ಸೂರು, ಚರಂಡಿ, ವೈರಿಂಗ್ ಮುಗಿಸಿ ಮುಂದಿನ ಭಾಗ ಬಾಡಿಗೆಗೆ ಕೊಟ್ವಿ, ಆ ಬಾಡಿಗೆ ದುಡ್ಡಲ್ಲೇ ಮಿಕ್ಕಿದ್ದು ಎರಡು ವರ್ಷದಲ್ಲಿ ಮಾಡಿದ್ವಿ. ಬಿಲ್ಡರ್ ಕೊಡ್ತಿದ್ದ ಲೆಕ್ಕಕ್ಕೆ ಇದು ಸಮ ಅಲ್ಲ, ಸುಳ್ಳು ಯಾಕ್ ಹೇಳ್ಲಿ. ಆದ್ರೆ ಮನೇಲಿ ಮೂರು ಪಾಲು, ಮೂವರೂ ಮಾರಿಲ್ಲ, ತಿಂಗಳಿಗೆ ಬರೋದನ್ನ ಹಂಚ್ಕೊಂಡು ತಿಂತಿದೀವಿ.

ಈಗ ನಮ್ಮ ಕ್ಯಾಲೆಂಡರ್‌ನಲ್ಲಿ ಕೆಂಪು ಗುರುತು ಹಾಕಿರೋದು ಒಂದೇ ದಿನ, ಮೇ ತಿಂಗಳ ಮೊದಲ ಭಾನುವಾರ. ಅವತ್ತು ಇಬ್ರು ಸೂರಿನ ಮೇಲೆ ಹತ್ತಿ ದೋಣೀಲಿರೋ ಎಲೆ, ಪಾರಿವಾಳದ ಗೂಡು, ಗಾಳಿಪಟದ ದಾರ ಎಲ್ಲಾ ತೆಗೀತಾರೆ, ಒಡೆದ ಹೆಂಚು ಬದಲಾಯಿಸ್ತಾರೆ, ಒಬ್ರು ಕೆಳಗೆ ನಿಂತು ಬೆಳಕು ಎಲ್ಲಿ ತೂರ್ತಿದೆ ಅಂತ ಕೂಗಿ ಹೇಳ್ಬೇಕು. ಆ ಕೂಗೋ ಕೆಲಸ ಚಿಕ್ಕಪ್ಪಂದು. ಹಿಂದಿನ ಗೋಡೆಗೆ ಒರಗಿಸಿ 200 ಹೆಂಚು ಸ್ಪೇರ್ ಇಟ್ಟಿದೀವಿ, ಹೋದ ವರ್ಷ 11 ಖರ್ಚಾಯ್ತು.